ವಾಲಿದ ಗುಂಡುಸೂಜಿಗಳು

ಚೆನ್ನೈನ ಕ್ರೋಂಪೇಟೆ ಸ್ಟೇಷನ್ನಿನಲ್ಲಿ ಇಳಿದು, ಮೆಟ್ಟಿಲು ಹತ್ತಿ ಹಳಿ ದಾಟಿ, ಚರ್ಮ ಹದ ಮಾಡುವ ಹಳೆಯ ಕಾರ್ಖಾನೆಯ ಗೋಡೆಗುಂಟ ಹತ್ತು ನಿಮಿಷ ನಡೆದರೆ ಕಮಲಾಕರರ ಲಾರಿ ಆಫೀಸು. ೨೦೦೨ರ ಫೆಬ್ರವರಿಯಲ್ಲಿ ವಿಭಾ ಮೊದಲ ಸಲ ಅಲ್ಲಿಗೆ ಹೋದಾಗ ಅವಳ ಚೀಲದಲ್ಲಿದ್ದದ್ದು ಒಂದು ನೋಟ್‌ಬುಕ್ಕು ಮತ್ತು ನಾಲ್ಕು ಬಣ್ಣದ ಪೆನ್ಸಿಲ್ಲು. ಜೊತೆಗೆ ಗುರುಚರಣ ಹೇಳಿ ಕಳಿಸಿದ ಒಂದು ಮಾತು: ಒಂದು ವಾರ ಏನನ್ನೂ ಮುಟ್ಟಬೇಡ, ಸುಮ್ಮನೆ ನೋಡು.

ಗುರುಚರಣನದು ವಡಪಳನಿಯಲ್ಲಿ ಮೂರೇ ಜನರ ಸಾಫ್ಟ್‌ವೇರ್ ಕಂಪನಿ. ಸಿನಿಮಾದವರಿಗೆ ಉಡುಪು ಬಾಡಿಗೆ ಕೊಡುವ ಅಂಗಡಿಯ ಮೇಲಿನ ಮಹಡಿ. ಕಿಟಕಿಯಿಂದ ಬಗ್ಗಿದರೆ ಕೆಳಗೆ ರಾಜರ ಕಿರೀಟಗಳನ್ನೂ ರಾಕ್ಷಸರ ಕೂದಲನ್ನೂ ಬಿಸಿಲಿಗೆ ಹರವಿದ್ದು ಕಾಣುತ್ತಿತ್ತು. ಯಾವ ಲಾರಿ ಈಗ ಯಾವ ಊರಿನ ಹತ್ತಿರ ಇದೆ ಎಂದು ಕಂಪ್ಯೂಟರಿನಲ್ಲಿ ತೋರಿಸುವ ಒಂದು ಸಾಧನವನ್ನು ಅವರು ಕಮಲಾಕರರಿಗೆ ಮಾಡಿಕೊಡಬೇಕಿತ್ತು. ಪರದೆಯ ಮೇಲೆ ಏನು ಕಾಣಬೇಕು, ಹೇಗೆ ಕಾಣಬೇಕು ಎನ್ನುವುದೆಲ್ಲ ವಿಭಾಳ ಪಾಲಿನ ಕೆಲಸ. ಮೈಸೂರಿನಿಂದ ಬಂದು ಎರಡು ವರ್ಷವಾಗಿತ್ತು. ಪೂರ್ತಿ ತನ್ನದೇ ಅನ್ನಿಸುವ ಕೆಲಸ ಕೈಗೆ ಬಂದದ್ದು ಇದೇ ಮೊದಲು. ಆಗಸ್ಟ್ ಕೊನೆಯವರೆಗೆ ಬಳಸಿ ನೋಡುತ್ತೇನೆ, ನಂಬಿಕೆ ಬಂದರೆ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ತೆಗೆದುಕೊಂಡು ಹೋಗಿ ಎಂದು ಕಮಲಾಕರರು ಮೊದಲೇ ಹೇಳಿದ್ದರು. ಅವರು ಬೇಡ ಅಂದರೆ ನಾವು ಮತ್ತೆ ಶಾಲೆಗಳ ಅಂಕಪಟ್ಟಿ ಪ್ರಿಂಟು ಹಾಕೋದೇ, ಅದಕ್ಕೆ ನಿನ್ನ ಬಣ್ಣದ ಪೆನ್ಸಿಲ್ಲು ಬೇಕಾಗಲ್ಲ ಎಂದು ಗುರುಚರಣ ನಗುತ್ತಲೇ ಹೇಳಿದ್ದ. ಅದು ನಗುವ ಮಾತಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಲಾರಿ ಆಫೀಸಿನ ಒಳಕೋಣೆಯಲ್ಲಿ ಎರಡು ಫೋನುಗಳ ನಡುವೆ ಕೌಸಲ್ಯಾ ಕೂರುತ್ತಿದ್ದರು. ಐವತ್ತೈದರ ಹತ್ತಿರದ ವಯಸ್ಸು. ಅಜ್ಜನ ಕಾಲದಿಂದ ಮದರಾಸಿನಲ್ಲೇ ಇದ್ದ ಮನೆತನ; ಅವರ ಕನ್ನಡದಲ್ಲಿ ಎರಡು ಮಾತಿಗೊಂದು ತಮಿಳು. ಆ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದರು. ಅವರ ಹಿಂದಿನ ಗೋಡೆಯ ಮೇಲೆ ದೊಡ್ಡ ಭೂಪಟ, ಅದರ ತುಂಬ ಮಣಿತಲೆಯ ಗುಂಡುಸೂಜಿಗಳು, ಒಂದೊಂದು ಲಾರಿಗೆ ಒಂದೊಂದು. ದಾರಿಯ ಮೇಲಿನ ಎಸ್‌ಟಿಡಿ ಬೂತುಗಳಿಂದ ಡ್ರೈವರುಗಳು ಫೋನು ಮಾಡುತ್ತಿದ್ದರು. ಕೌಸಲ್ಯಾ ಮೊದಲು ಊಟ ಆಯ್ತಾ ಎಂದು ಕೇಳಿ, ಆಮೇಲೆ ಎಲ್ಲಿದ್ದೀಯ ಎಂದು ಕೇಳಿ, ಎದ್ದು ಹೋಗಿ ಸೂಜಿ ಕಿತ್ತು ಮುಂದಿನ ಊರಿನಲ್ಲಿ ನೆಡುತ್ತಿದ್ದರು. ಮೊದಲ ದಿನ ವಿಭಾ ಬಾಗಿಲ ಬಳಿ ನಿಂತಿದ್ದಾಗ ಅವರು ಮಾತಾಡುತ್ತಲೇ ಟೇಬಲ್ ಫ್ಯಾನನ್ನು ಅವಳ ಕಡೆಗೆ ತಿರುಗಿಸಿದ್ದರು. ಯಾರು, ಏಕೆ ಬಂದೆ ಎಂದು ಕೇಳಿದ್ದು ಅದಾದ ಮೇಲೆ.

ಸ್ವತಃ ಕೌಸಲ್ಯಾ ಕಾಂಚೀಪುರದಿಂದ ಆಚೆಗೆ ಹೋದವರೇ ಅಲ್ಲ. ಆದರೂ ಹೊಸೂರಿನವರೆಗಿನ ದಾರಿ ಅವರಿಗೆ ತಮ್ಮ ಅಡಿಗೆಮನೆಯಷ್ಟು ಪರಿಚಿತ. ಫೋನಿನ ಹಿಂದೆ ಕೇಳುವ ಸದ್ದಿನಿಂದಲೇ ಊರು ಹೇಳುತ್ತಿದ್ದರು. ತವಾದ ಮೇಲೆ ಸೌಟು ಬಡಿಯುವ ಸದ್ದಾದರೆ ಆಂಬೂರು. ಹಿಂದೆ ಏನೂ ಕೇಳಿಸದೆ ಬರೀ ಗಾಳಿ ಬೀಸಿದರೆ ವೇಲೂರಿನ ಪಾಲಾರ್ ಸೇತುವೆಯ ತುದಿಯ ಬೂತು. "ನೀರಿಲ್ಲ ಮಾ ಆ ನದಿಯಲ್ಲಿ, ಬರೀ ಮರಳು. ಬೆಳದಿಂಗಳಿದ್ದರೆ ಹಾಲು ಹರಿದ ಹಾಗೆ ಇರತ್ತಂತೆ. ಅಂದಾನಿ ಹೇಳಿದ್ದ," ಎಂದು ಒಮ್ಮೆ ಹೇಳಿದರು. ತಾವು ನೋಡದ ನದಿಯನ್ನು ಅವರು ಹೇಳುವ ರೀತಿಗೆ ವಿಭಾಳಿಗೆ ಬರೆಯುವುದೇ ಮರೆತುಹೋಯಿತು.

ಅಂದಾನಿ ಹೊಸೂರು ದಾರಿಯ ಡ್ರೈವರ್. ದಾವಣಗೆರೆ ಕಡೆಯವನು, ಈಗ ಸಂಸಾರ ಹೊಸೂರಿನಲ್ಲಿ. ಅವನು ಕ್ರೋಂಪೇಟೆಯಿಂದ ಹೊರಟ ದಿನ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಅವನ ಹೆಂಡತಿ ಶಾರದಮ್ಮ ಪಕ್ಕದ ಮನೆಯಿಂದ ಫೋನು ಮಾಡುತ್ತಿದ್ದಳು. "ಅಮ್ಮಾರ, ನಮ್ಮನಿಯೋರು ಎಲ್ಲಿಗೆ ಬಂದಾರ? ಅಕ್ಕಿ ಎಷ್ಟೊತ್ತಿಗೆ ಇಡಲಿ?" ಅಷ್ಟೇ ಮಾತು. ಹಿಂದಿನ ವರ್ಷ ಅಂದಾನಿಯ ಲಾರಿ ಹಳ್ಳಕ್ಕೆ ಇಳಿದು ಅವನು ಎರಡು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದ. ಅವಳು ಕೇಳುತ್ತಿದ್ದದ್ದು ಅಕ್ಕಿಯ ವಿಷಯವಲ್ಲವೆಂದು ಕೌಸಲ್ಯಾಗೆ ಗೊತ್ತಿತ್ತು. ಆದರೂ ಉತ್ತರ ಮಾತ್ರ ಅಕ್ಕಿಗೇ ಕೊಡುತ್ತಿದ್ದರು: ವಾಣಿಯಂಬಾಡಿ ದಾಟಿದ್ದಾನೆ ತಾಯಿ, ಮೂರೂವರೆಗೆ ಇಡು.

ವಾರ ಮುಗಿದ ಮೇಲೆ ವಿಭಾ ಚಿತ್ರ ಬರೆಯತೊಡಗಿದಳು. ಭೂಪಟವನ್ನು ಊರೂರಾಗಿ ನಕಲು ಮಾಡಿದಳು. ಮಣಿಗಳ ಬಣ್ಣವನ್ನೂ ಬದಲಿಸಲಿಲ್ಲ. ಅಂದಾನಿಯದು ಕಡುನೀಲಿ, ಪರದೆಯ ಮೇಲೂ ಅದೇ ನೀಲಿ ಚುಕ್ಕಿ. ಊರು ಆರಿಸಿ ಸಮಯ ಒತ್ತಿದರೆ ಸಾಕು, ಚುಕ್ಕಿ ಅಲ್ಲಿಗೆ ಹೋಗಿ ಕೂರುತ್ತದೆ. ಬೂತಿನ ನಂಬರು ಬರೆಯಲು ಒಂದು ಕಿರುಪೆಟ್ಟಿಗೆ ಇಟ್ಟಳು. ಅವಸರದಲ್ಲಿದ್ದವರಿಗೆ ತೊಂದರೆಯಾಗಬಾರದೆಂದು ಅದನ್ನು ಖಾಲಿ ಬಿಟ್ಟರೂ ನಡೆಯುವಂತೆ ಮಾಡಿದಳು. ಸಂಜೆ ಎಲೆಕ್ಟ್ರಿಕ್ ಟ್ರೈನಿನಲ್ಲಿ ಹಿಂದಿರುಗುವಾಗ ಕಿಟಕಿಗೆ ತಲೆಯಿಟ್ಟರೆ ಜೋಂಪು ಹತ್ತುತ್ತಿತ್ತು. ಆ ಅರೆನಿದ್ದೆಯಲ್ಲಿ ರಸ್ತೆಗಳೆಲ್ಲ ದಾರದ ಹಾಗೆ ಸಡಿಲವಾಗಿ ಗಾಳಿಗೆ ತೇಲುತ್ತಿದ್ದವು, ಲಾರಿಗಳು ಮಣಿಗಳಾಗಿ ಅವುಗಳ ಮೇಲೆ ಜಾರುತ್ತಿದ್ದವು, ಒಂದೂ ದಾರಿ ತಪ್ಪುತ್ತಿರಲಿಲ್ಲ.

ಜೂನ್ ಮೊದಲ ವಾರ ಕಂಪ್ಯೂಟರು ಬಂತು. ಕೌಸಲ್ಯಾ ಮೌಸನ್ನು ಕುಂಕುಮದ ಭರಣಿ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದರು. ಹದಿನೈದು ದಿನದಲ್ಲಿ ಅಭ್ಯಾಸವಾಯಿತು. ಭೂಪಟವನ್ನು ಗೋಡೆಯಿಂದ ಇಳಿಸಿ, ಸೂಜಿಗಳ ಸಮೇತ ಬೀರುವಿನ ಹಿಂದೆ ಸರಿಸಿ ಇಟ್ಟರು. ಕಮಲಾಕರರು ದಿನಕ್ಕೆ ಹತ್ತು ಸಲ ಬಂದು ಪರದೆಯ ಮುಂದೆ ಕೈಕಟ್ಟಿ ನಿಂತು, ದೇವರ ಮನೆಯಿಂದ ಹೊರಟ ಹಾಗೆ ಹಿಂದೆ ಹಿಂದೆ ನಡೆದು ಹೋಗುತ್ತಿದ್ದರು. ವಿಭಾಳ ಮನಸ್ಸು ಹಗುರವಾಗಿತ್ತು.

ಆಗಸ್ಟ್ ಮೂರನೆಯ ವಾರ ಅಂದಾನಿ ಹೊಸೂರಿನ ಕಾರ್ಖಾನೆಯೊಂದಕ್ಕೆ ದೊಡ್ಡ ಯಂತ್ರ ಹೇರಿಕೊಂಡು ಬೆಳಿಗ್ಗೆ ಐದಕ್ಕೆ ಹೊರಟ. ಅದನ್ನು ಇಳಿಸಲು ಕ್ರೇನ್ ಬೇಕಿತ್ತು. ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಕಾರ್ಖಾನೆಯ ಮ್ಯಾನೇಜರ್ ಮಂಜುನಾಥ ಫೋನು ಮಾಡಿ ಕೇಳಿದಾಗ ಕಮಲಾಕರರು ಪರದೆ ನೋಡಿ, ಕೃಷ್ಣಗಿರಿ ದಾಟಿದೆ, ನಾಲ್ಕಕ್ಕೆ ನಿಮ್ಮ ಗೇಟಿನಲ್ಲಿರುತ್ತೆ ಎಂದು ಹೆಮ್ಮೆಯಿಂದ ಹೇಳಿದರು. ಕ್ರೇನ್ ಬಂತು. ಕತ್ತಲಾಗುವವರೆಗೆ ಹತ್ತು ಜನ ಆಳುಗಳ ಜೊತೆ ನಿಂತಿತ್ತು. ಲಾರಿ ಬರಲಿಲ್ಲ. ಅದು ಆಂಬೂರು ದಾಟಿ ಸ್ಪ್ರಿಂಗಿನ ಪಟ್ಟಾ ಮುರಿದು, ಮಧ್ಯಾಹ್ನ ಹನ್ನೆರಡರಿಂದ ಒಂದೇ ಹುಣಸೆಮರದ ಕೆಳಗೆ ನಿಂತಿತ್ತು. ರಸ್ತೆ ಅಗಲ ಮಾಡಲು ಅಗೆದಾಗ ಟೆಲಿಫೋನಿನ ತಂತಿ ತುಂಡಾಗಿ ಅತ್ತಿತ್ತಿನ ಬೂತುಗಳೆಲ್ಲ ಸತ್ತಿದ್ದವು. ಅಂದಾನಿ ಹೊಸೂರು ತಲುಪಿದ್ದು ಮರುದಿನ ಮಧ್ಯಾಹ್ನ.

ಆ ಸಂಜೆ ಕಮಲಾಕರರು ವಡಪಳನಿಗೆ ಫೋನು ಮಾಡಿದರು; ಎತ್ತಿದ್ದು ವಿಭಾ. ಅವರು ಕೂಗಾಡುವ ಮನುಷ್ಯರಲ್ಲ. "ಇಪ್ಪತ್ತೆರಡು ವರ್ಷದಲ್ಲಿ ನನ್ನ ಗೋಡೆ ಒಂದು ದಿನ ಸುಳ್ಳು ಹೇಳಿರಲಿಲ್ಲ ಕಣಮ್ಮ. ನಿಮ್ಮ ಪರದೆ ಹೇಳ್ತು. ಬಂದು ತಗೊಂಡು ಹೋಗಿ," ಎಂದರು.

ವಿಭಾ ಅಲ್ಲಿಗೆ ಹೋಗುವ ಮೊದಲು, ಲಾರಿ ಆಫೀಸಿನಿಂದ ವಾರಕ್ಕೊಮ್ಮೆ ತರುತ್ತಿದ್ದ ಫ್ಲಾಪಿಗಳನ್ನೂ ಅಲ್ಲಿಂದ ತರಿಸಿಕೊಂಡ ಆ ದಿನದ ಫ್ಲಾಪಿಯನ್ನೂ ತೆಗೆದು ನೋಡಿದಳು. ಅಂದಾನಿಯ ಲಾರಿ: ವೇಲೂರು ಹತ್ತು ಗಂಟೆ, ಬೂತಿನ ನಂಬರು ಇದೆ. ಆಂಬೂರು ಹನ್ನೊಂದೂವರೆ, ನಂಬರಿಲ್ಲ. ವಾಣಿಯಂಬಾಡಿ ಹನ್ನೆರಡೂ ಇಪ್ಪತ್ತು, ನಂಬರಿಲ್ಲ. ಕೃಷ್ಣಗಿರಿ ಎರಡೂವರೆ, ನಂಬರಿಲ್ಲ. ಯಾರೂ ಫೋನು ಮಾಡಿರಲಿಲ್ಲ. ಯಾರೋ ಕೂತು ಊರುಗಳನ್ನು ತುಂಬಿದ್ದರು. ಹಿಂದಿನ ದಿನಗಳನ್ನು ತೆರೆದಳು. ಜೂನಿನಿಂದ ಈಚೆಗೆ ಮೂರರಲ್ಲಿ ಒಂದು ಸಾಲು ಹೀಗೇ. ಸಾಧನ ತಪ್ಪು ಮಾಡಿಲ್ಲ. ಈ ಹಾಳೆ ಒಂದನ್ನು ಕಮಲಾಕರರ ಮೇಜಿನ ಮೇಲಿಟ್ಟರೆ ತನ್ನ ಕೆಲಸ ಉಳಿಯುತ್ತದೆ. ಆ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕೂತವರು ಉಳಿಯುವುದಿಲ್ಲ. ಹಾಳೆಯನ್ನು ಪ್ರಿಂಟು ಹಾಕಿ, ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಳು. ಟ್ರೈನಿನಲ್ಲಿ ಆವತ್ತು ಜೋಂಪು ಹತ್ತಲಿಲ್ಲ.

ಅವಳು ಒಳಗೆ ಕಾಲಿಡುವಾಗಲೇ ಕೌಸಲ್ಯಾ ತಮ್ಮ ಫ್ಲಾಸ್ಕಿನ ಕಾಫಿಯನ್ನು ಎರಡು ಲೋಟಕ್ಕೆ ಬಗ್ಗಿಸುತ್ತಿದ್ದರು. ಒಂದನ್ನು ಇವಳತ್ತ ತಳ್ಳಿದರು.

"ನಿನ್ನ ಡಬ್ಬ ಸುಳ್ಳು ಹೇಳಿಲ್ಲ ಮಾ. ಆ ಊರು ಹಾಕಿದ್ದು ನಾನೇ. ಮೊದಲಾಳಿ ಕಮಲಾಕರರ ಹತ್ತಿರ ಹೇಳಬೇಕು ಅಂತ ಬೆಳಿಗ್ಗೆಯಿಂದ ಕೂತಿದೀನಿ. ಕಾಲು ಏಳ್ತಾ ಇಲ್ಲ."

ವಿಭಾ ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು.

"ಚುಮ್ಮಾ, ಸುಮ್ಮಸುಮ್ಮನೆ ಮಾಡಿದ್ದಲ್ಲ ಕಣ್ಣಾ. ವೇಲೂರಲ್ಲಿ ಆ ಚುಕ್ಕಿ ನಿಂತೇ ಇತ್ತು. ಲಾರಿ ಹಾಗೆ ನಿಲ್ಲತ್ತಾ? ಓಡ್ತಾ ಇರತ್ತೆ ತಾನೆ. ಒಂದು ಗಂಟೆಗೆ ಆ ಪಾವಂ ಹುಡುಗಿ, ಪಾಪ, ಶಾರದಮ್ಮ ಫೋನ್ ಮಾಡಿದರೆ, ಹತ್ತು ಗಂಟೆಗೆ ವೇಲೂರಲ್ಲಿದ್ದ, ಆಮೇಲೆ ಗೊತ್ತಿಲ್ಲ ಅಂತ ಹೇಗೆ ಹೇಳೋದು? ಯಾವಾಗಲೂ ಮಾಡೋ ಹಾಗೇ ಮಾಡಿದೆ."

ಯಾವಾಗಲೂ ಎಂದರೆ ಎಂದು ವಿಭಾ ಕೇಳಿದಳು. ಕೌಸಲ್ಯಾ ಎದ್ದು, ಬೀರುವಿನ ಹಿಂದಿನಿಂದ ಭೂಪಟವನ್ನು ಒಂದು ಕೈಯಗಲ ಹೊರಗೆಳೆದರು. ಅದನ್ನು ಇಳಿಸಿದ ದಿನದ ಲಾರಿಗಳೆಲ್ಲ ಇನ್ನೂ ಅಲ್ಲೇ ದಾರಿಯ ಮೇಲಿದ್ದವು. ಧೂಳು ಮೆತ್ತಿದ ಮಣಿಗಳು, ಜೂನ್ ತಿಂಗಳ ಒಂದು ಮಧ್ಯಾಹ್ನ ಮುಗಿಯದೆ ನಿಂತ ಹಾಗೆ. ಕೆಲವು ಸೂಜಿಗಳು ತಲೆಯವರೆಗೆ ಒಳಗಿಳಿದು ನೆಟ್ಟಗಿದ್ದವು. ಕೆಲವು ಅರ್ಧವೇ ಇಳಿದು ಮುಂದಕ್ಕೆ ವಾಲಿದ್ದವು.

"ಫೋನ್ ಬಂದಿದ್ದರೆ ಪೂರ್ತಿ ಒತ್ತೋದು. ಬರದೇ ನಾವೇ ಮುಂದಕ್ಕೆ ಇಟ್ಟಿದ್ದರೆ ವಾಲಿಸೋದು. ಫೋನ್ ಬಂದ ಮೇಲೆ ಸರಿ ಮಾಡೋದು. ಇದನ್ನೆಲ್ಲಾ ಯಾರಾದರೂ ಹೇಳಿಕೊಡ್ತಾರಾ ಮಾ? ನನಗೂ ಯಾರೂ ಹೇಳಿಕೊಡಲಿಲ್ಲ. ನಿನ್ನ ಡಬ್ಬದಲ್ಲಿ ವಾಲಿಸೋಕೆ ಬರಲ್ಲ. ಹಾಗೇ ಇಟ್ಟುಬಿಟ್ಟೆ."

ವಿಭಾ ಭೂಪಟದ ಮುಂದೆ ನೆಲದ ಮೇಲೆಯೇ ಕೂತುಬಿಟ್ಟಳು. ಇದೇ ಕೋಣೆಯಲ್ಲಿ ಇದೇ ಗೋಡೆಯನ್ನು ನೋಡುತ್ತಾ ಒಂದು ವಾರ ಕೂತಿದ್ದಳು. ಬಣ್ಣ ನೋಡಿದ್ದಳು, ಊರು ನೋಡಿದ್ದಳು. ಅರ್ಧದಷ್ಟು ಸೂಜಿಗಳು ಲಾರಿ ಇಲ್ಲಿದೆ ಎಂದು ಹೇಳುತ್ತಿದ್ದವು, ಉಳಿದವು ಇಲ್ಲಿರಬಹುದು ಎಂದು ಹೇಳುತ್ತಿದ್ದವು. ಅದು ಮಾತ್ರ ಅವಳಿಗೆ ಕೇಳಿಸಿರಲಿಲ್ಲ.

ಇಬ್ಬರೂ ಒಟ್ಟಿಗೆ ಕಮಲಾಕರರ ಮುಂದೆ ನಿಂತರು. ತಪ್ಪು ನನ್ನದು ಎಂದು ಕೌಸಲ್ಯಾ ಶುರು ಮಾಡಿದರು, ನನ್ನದು ಎಂದು ವಿಭಾ ನಡುವೆ ಬಾಯಿ ಹಾಕಿದಳು. ಮಡಿಸಿದ ಹಾಳೆ ತೆಗೆದು, ನಂಬರಿಲ್ಲದ ಸಾಲುಗಳನ್ನು ತೋರಿಸಿ, ಗೋಡೆಯ ಮೇಲಾದರೆ ಇವು ವಾಲಿದ ಸೂಜಿಗಳು, ಬೇರೆ ಗುರುತು ಕೊಡದೆ ನಾನು ಎಲ್ಲವನ್ನೂ ಒಂದೇ ಥರ ತೋರಿಸಿದೆ ಎಂದಳು. ಕಮಲಾಕರರು ಹಾಳೆಯ ಸಾಲುಸಾಲಿಗೆ ಬೆರಳಿಟ್ಟು ಓದಿದರು. ಆಮೇಲೆ ನಿಧಾನವಾಗಿ ಹೇಳಿದರು, ಸೂಜಿ ಓರೆ ಇದ್ದರೆ ನಾನು ಹೊಸೂರಿಗೆ ಹೇಳ್ತಿರಲಿಲ್ಲ. ಇಷ್ಟು ವರ್ಷ ನಾನೂ ಆ ಓರೆಯನ್ನು ನೋಡ್ತಿದ್ದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಮುಂದಿನ ಶುಕ್ರವಾರ ಮಂಜುನಾಥ ಸ್ವತಃ ಚೆನ್ನೈಗೆ ಬರುತ್ತಿದ್ದ, ಕೆಲಸವನ್ನು ಬೇರೆ ಲಾರಿಯವರಿಗೆ ಕೊಡಬೇಕೋ ಬೇಡವೋ ಎಂದು ನೋಡಲು. ಅಲ್ಲಿಯವರೆಗೆ ಸಮಯ, ಅವರು ಒಪ್ಪಿದರೆ ನಾನೂ ಒಪ್ಪಿದ ಹಾಗೆ ಎಂದರು ಕಮಲಾಕರರು.

ಮುಂದಿನ ಮೂರು ಮಧ್ಯಾಹ್ನ ವಿಭಾ ಕೌಸಲ್ಯಾರ ಪಕ್ಕದಲ್ಲಿ ಕೂತು ದಾರಿಯನ್ನು ಬರೆದುಕೊಂಡಳು. ಕೌಸಲ್ಯಾ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಕಾಂಚೀಪುರಕ್ಕೆ ಎರಡು ಗಂಟೆ. ಶುಕ್ರವಾರವಾದರೆ ಇನ್ನೊಂದು ಕಾಲು ಗಂಟೆ, ಅಂದಾನಿ ಕಾಮಾಕ್ಷಿಯ ಗೋಪುರ ಕಾಣುವ ಕಡೆ ನಿಲ್ಲಿಸಿ ಕೈಮುಗಿಯುತ್ತಾನೆ. ವಾಲಾಜಾಪೇಟೆಯಲ್ಲಿ ಚಹಾ. ಮಳೆ ಬಂದರೆ ರಾಣಿಪೇಟೆಯ ಹತ್ತಿರ ನಿಧಾನ. ಆಂಬೂರಲ್ಲಿ ಊಟಕ್ಕೆ ನಿಂತರೆ ಮುಕ್ಕಾಲು ಗಂಟೆ, ಹೆಂಡತಿ ಬುತ್ತಿ ಕಟ್ಟಿದ್ದರೆ ಹತ್ತೇ ನಿಮಿಷ. ಹೊರಗೆ ಟ್ರೈನುಗಳು ಬರುತ್ತಿದ್ದವು ಹೋಗುತ್ತಿದ್ದವು. ಕೋಣೆಯೊಳಗೆ ಒಂದು ಲಾರಿ ಬಹಳ ನಿಧಾನವಾಗಿ, ಮಾವಿನ ತೋಪುಗಳ ನಡುವೆ, ಕೃಷ್ಣಗಿರಿಯ ಬಂಡೆಗಳ ಕಡೆಗೆ ಏರುತ್ತಿತ್ತು. ಕೆಲವು ಸಲ ಕೌಸಲ್ಯಾ ಮಾತು ನಿಲ್ಲಿಸುತ್ತಿದ್ದರು. ವಿಭಾ ಕಾಯುತ್ತಿದ್ದಳು. ಗೇಟು ಹಾಕಿದೆ ಮಾ, ರೈಲು ಹೋಗಲಿ ಎನ್ನುತ್ತಿದ್ದರು.

ಆ ದಾರಿಯಿಂದ ವಿಭಾ ಹೊಸ ಚುಕ್ಕಿ ಮಾಡಿದಳು. ಫೋನು ಬಂದ ಕ್ಷಣ ಚುಕ್ಕಿ ತುಂಬಿದ ಬಣ್ಣದಲ್ಲಿರುತ್ತದೆ. ಆಮೇಲೆ ಕೌಸಲ್ಯಾ ಹೇಳಿದ ವೇಗದಲ್ಲಿ ತಾನೇ ಮುಂದಕ್ಕೆ ತೆವಳುತ್ತದೆ, ಆದರೆ ಬಣ್ಣ ತೆಳುವಾಗುತ್ತಾ, ಸುತ್ತ ಒಂದು ಬಳೆ ಹುಟ್ಟಿ ಅಗಲವಾಗುತ್ತಾ ಹೋಗುತ್ತದೆ. ಹೊತ್ತು ಕಳೆದಷ್ಟೂ ಬಳೆ ದೊಡ್ಡದು. ಈ ಬಳೆಯೊಳಗೆ ಎಲ್ಲೋ ಇದ್ದಾನೆ, ಇದಕ್ಕಿಂತ ಹೆಚ್ಚು ನಮಗೆ ತಿಳಿಯದು ಎಂದು ಅದರ ಅರ್ಥ. ಇನ್ನೊಂದು ಫೋನು ಬಂದರೆ ಬಳೆ ಮುಚ್ಚಿಕೊಂಡು ಮತ್ತೆ ಚುಕ್ಕಿ. ಬೂತಿನ ನಂಬರು ಹಾಕದೆ ಚುಕ್ಕಿ ತುಂಬುವಂತಿಲ್ಲ. ಬಾಕಿ ದಾರಿಗಳಿಗೆ ಸದ್ಯಕ್ಕೆ ಒಂದು ಅಂದಾಜಿನ ವೇಗ ಹಾಕಿ ಮೊದಲ ಸಲ ಓಡಿಸಿದಾಗ ಪರದೆಯ ತುಂಬ ಮೂವತ್ತೆರಡು ಬಳೆಗಳು ಅರಳುತ್ತಿದ್ದವು, ಕೆರೆಯ ಮೇಲೆ ಸಣ್ಣ ಹನಿ ಬೀಳುತ್ತಿರುವಂತೆ. ಗುರುಚರಣ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಒಂದೊಂದೇ ಬಳೆಯನ್ನು ಎಣಿಸತೊಡಗಿದ.

ಶುಕ್ರವಾರ ಮಂಜುನಾಥ ಬಂದ. ನಲವತ್ತರ ಆಸುಪಾಸಿನವನು, ಮುಖದಲ್ಲಿ ಬಸ್ಸಿನ ಪ್ರಯಾಣದ ದಣಿವು. ಆ ದಿನವೂ ಅವನ ಯಂತ್ರದ ಇನ್ನೊಂದು ಭಾಗ ಹೇರಿಕೊಂಡು ಅಂದಾನಿ ದಾರಿಯಲ್ಲಿದ್ದ. ಕಡೆಯ ಫೋನು ಆಂಬೂರಿನಿಂದ, ಹನ್ನೊಂದೂ ಹತ್ತಕ್ಕೆ. ಈಗ ಒಂದಾಗುತ್ತಿತ್ತು. ಆಚೆಯ ತಂತಿಗಳು ಇನ್ನೂ ಸತ್ತೇ ಇದ್ದವು. ನೀಲಿ ಬಳೆ ಎರಡು ಊರುಗಳನ್ನು ನುಂಗಿ ಅಗಲವಾಗಿತ್ತು.

"ಎಲ್ಲಿದೆ ನನ್ನ ಮಾಲು?" ಎಂದ ಮಂಜುನಾಥ.

ಕಮಲಾಕರರು ಕೌಸಲ್ಯಾರತ್ತ ನೋಡಿದರು. ಆಂಬೂರು ಬಿಟ್ಟ ಮೇಲೆ ಫೋನಿಲ್ಲ, ವಾಣಿಯಂಬಾಡಿಯಿಂದ ಈಚೆಗೂ ಇರಬಹುದು, ಆಚೆಗೂ ಇರಬಹುದು, ಗೊತ್ತಿಲ್ಲ ಎಂದರು ಕೌಸಲ್ಯಾ. ಆ ಕುರ್ಚಿಯಿಂದ ಆ ಮಾತು ಹೊರಟದ್ದು ಅದೇ ಮೊದಲು. ಇದನ್ನು ಹೇಳೋದಕ್ಕೆ ಕಂಪ್ಯೂಟರು ಬೇಕಾ ಎಂದು ಮಂಜುನಾಥ ಕೇಳಿದ. ವಿಭಾಳ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಒಂದು ಗಂಟೆ. ಶಾರದಮ್ಮ.

ಕೌಸಲ್ಯಾ ಎಲ್ಲರ ಮುಂದೆಯೇ ಮಾತಾಡಿದರು. "ಇಲ್ಲ ತಾಯಿ, ಆಂಬೂರಿಂದ ಮಾಡಿದ್ದ. ಆಮೇಲೆ ಮಾಡಿಲ್ಲ. ಅಲ್ಲಿ ಫೋನೇ ಕೆಲಸ ಮಾಡಲ್ಲ, ಅದಕ್ಕೆ. ನಾನು ಸುಮ್ಮನೆ ಒಂದು ಊರು ಹೇಳಲ್ಲ ಇನ್ಮೇಲೆ. ಪಕ್ಕದ ಮನೆ ನಂಬರು ಹೇಳು, ಅವನ ಫೋನ್ ಬಂದ ಕೂಡಲೇ ನಾನೇ ಮಾಡ್ತೀನಿ. ಅಕ್ಕಿ ಈಗಲೇ ಇಡಬೇಡ. ನೀನು ಮಾತ್ರ ಊಟ ಮಾಡಿಬಿಡು." ಆ ಕಡೆಯಿಂದ ಏನೋ ಕೇಳಿದಳು. ಕೌಸಲ್ಯಾ ಕೇಳಿಸಿಕೊಂಡು, ಮೆತ್ತಗೆ, "ಹೌದು, ನನಗೂ ಹಾಗೇ ಭಯ ಆಗತ್ತೆ," ಎಂದು ಇಟ್ಟರು.

ಅದು ಯಾರು ಎಂದು ಮಂಜುನಾಥ ಕೇಳಿದ. ಕಮಲಾಕರರು ಹೇಳಿದರು. ಅವನು ಪರದೆಯ ಕಡೆ ತಿರುಗಿ ಬಳೆಯನ್ನು ನೋಡುತ್ತಾ ನಿಂತ. ಅದು ಕಣ್ಣಿಗೆ ಕಂಡೂ ಕಾಣದಷ್ಟು ಮೆಲ್ಲಗೆ ಬೆಳೆಯುತ್ತಿತ್ತು. ಹೋದ ವಾರ ಇದು ಹೀಗೆ ತೋರಿಸಿದ್ದರೆ ನಾನು ಕ್ರೇನ್ ಕರೆಸ್ತಿರಲಿಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಕುರ್ಚಿ ಎಳೆದು ಕೂತ.

"ಆಯಮ್ಮನಿಗೆ ಫೋನ್ ಮಾಡ್ತೀರಲ್ಲ, ಆಗ ನಮ್ಮ ಫ್ಯಾಕ್ಟರಿಗೂ ಒಂದು ಮಾಡಿ. ಅಲ್ಲಿಯವರೆಗೆ ಯಾರೂ ಕ್ರೇನ್ ತರಿಸಬೇಡಿ ಅಂತ ನಾನೇ ಹೇಳ್ತೀನಿ."

ಅಂದಾನಿಯ ಫೋನು ಬಂದದ್ದು ಒಂದೂ ಮುಕ್ಕಾಲಿಗೆ, ನಾಟ್ರಂಪಳ್ಳಿಯಿಂದ. ಊಟ ಆಯ್ತಾ ಎಂದು ಕೇಳಿದ ಮೇಲೆ ಕೌಸಲ್ಯಾ ಬೂತಿನ ನಂಬರನ್ನು ಒಂದೊಂದೇ ಅಂಕಿಯಾಗಿ ಒತ್ತಿದರು; ಬಳೆ ಮುಚ್ಚಿಕೊಂಡಿತು. ಮೊದಲ ಕರೆ ಶಾರದಮ್ಮನಿಗೆ, ಎರಡನೆಯದು ಫ್ಯಾಕ್ಟರಿಗೆ.

ಸಂಜೆ ಕಮಲಾಕರರು ವಿಭಾಳನ್ನು ಕರೆದು, ಇಟ್ಟುಕೊಳ್ಳುತ್ತೇನೆ, ಆದರೆ ಬಾಕಿ ದಾರಿಗಳಿಗೂ ಹೀಗೆಯೇ ವೇಗ ಬರೆದುಕೊಡಬೇಕು ಎಂದರು. ನೆಲ್ಲೂರು ದಾರಿಯ ಬಗ್ಗೆ ಕೌಸಲ್ಯಾ ತಲೆಯಾಡಿಸಿದರು. ಅದು ತಮಗೆ ಬರದು, ಅದು ಹರಿದಾಸರ ದಾರಿ. ಮೊದಲು ಈ ಆಫೀಸಿನಲ್ಲೇ ಇದ್ದವರು, ಈಗ ತಾಂಬರಂನಲ್ಲಿ ಮಗಳ ಮನೆಯಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ, ಜೋರಾಗಿ ಮಾತಾಡಬೇಕು ಅಷ್ಟೆ.

ಭಾನುವಾರ ಇಬ್ಬರೂ ಟ್ರೈನು ಹತ್ತಿ ಹೋದರು. ಹರಿದಾಸರು ವರಾಂಡದಲ್ಲಿ ಒರಗುಕುರ್ಚಿಯ ಮೇಲೆ ಕೂತಿದ್ದರು. ಬಂದ ಕಾರಣವನ್ನು ಕೌಸಲ್ಯಾ ಅವರ ಕಿವಿಯ ಹತ್ತಿರ ಬಾಗಿ ಎರಡು ಸಲ ಹೇಳಬೇಕಾಯಿತು. ತಮ್ಮ ದಾರಿಯನ್ನು ಕೇಳಿಕೊಂಡು ಯಾರೋ ಇಷ್ಟು ದೂರ ಬಂದಿದ್ದಾರೆ ಎನ್ನುವುದು ಅರ್ಥವಾದಾಗ ಮುದುಕರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು.

"ಲಾರಿ ಎಷ್ಟೊತ್ತಿಗೆ ಹೊರಡತ್ತೆ?" ಎಂದು ವಿಭಾಳನ್ನು ಕೇಳಿದರು.

"ಬೆಳಿಗ್ಗೆ ಐದಕ್ಕೆ ತಾತ."

ಅವರು ಅಂಗಳದ ಬಿಸಿಲಿನತ್ತ ತಿರುಗಿದರು. "ಯಾವ ತಿಂಗಳು ಅಂತಾನೂ ಹೇಳಮ್ಮ," ಎಂದರು. "ಮಾರ್ಗಳಿಯಾದರೆ, ಧನುರ್ಮಾಸದ ಚಳಿಯಲ್ಲಿ, ಗುಮ್ಮಿಡಿಪೂಂಡಿ ಹತ್ತಿರ ಮಂಜು. ದೀಪ ಹಾಕ್ಕೊಂಡು ನಿಧಾನವಾಗಿ ಹೋಗಬೇಕು."

ವಿಭಾ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದು, ಮೇಲೆ ಮಂಜು ಎಂದು ಬರೆದುಕೊಂಡಳು.